ಪುಷ್ಪಾವತಿಯ ಹೆಸರಿನ ಮನೆ

ಪಂಚಾಯತಿನ ನೋಟೀಸು ಬೋರ್ಡಿನಲ್ಲಿ ಮನೆಯಿಲ್ಲದವರ ಪಟ್ಟಿ ಅಂಟಿಸಿದ ದಿನ ಪುಷ್ಪಾವತಿ ಅದನ್ನು ಮೂರು ಸಲ ಓದಿಸಿಕೊಂಡಳು. ಊರು ಕೇರಳಕ್ಕೆ ಸೇರಿದ್ದು, ಪಟ್ಟಿ ಮಲಯಾಳದಲ್ಲಿತ್ತು, ಅವಳಿಗೆ ಬರುತ್ತಿದ್ದದ್ದು ಕನ್ನಡ ಅಕ್ಷರ ಮಾತ್ರ. ವಾರ್ಡಿನ ಮೆಂಬರು ವಿಜೇತಾ ಬೆರಳಿಟ್ಟು ತೋರಿಸಿದ ಸಾಲಿನಲ್ಲಿ ತನ್ನ ಹೆಸರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕೇಳಿ ತಿಳಿದುಕೊಂಡಳು. ಹತ್ತೊಂಬತ್ತು ಹೆಸರುಗಳಲ್ಲಿ ಅವಳದ್ದು ನಾಲ್ಕನೆಯದು. ನಿನಗೆ ಮನೆಯಿಲ್ಲ ಎಂದು ಸರಕಾರ ಒಪ್ಪಿಕೊಂಡದ್ದಕ್ಕೆ ಸಂತೋಷಪಡಬೇಕಾದ ಸ್ಥಿತಿ ಯಾರಿಗೂ ಬಾರದಿರಲಿ. ಅವಳಿಗೆ ಬಂದಿತ್ತು, ಅವಳು ಸಂತೋಷಪಟ್ಟಳು.

ಅವಳಿಗೆ ಆಗ ಅರುವತ್ತೊಂದು. ಮೂವತ್ತು ವರ್ಷ ಬೀಡಿ ಕಟ್ಟಿದವಳು. ಗಂಡ ತೀರಿಕೊಂಡ ವರ್ಷವೇ ಗಂಡನ ತಮ್ಮಂದಿರು ಮನೆ ಪಾಲು ಮಾಡಿಕೊಂಡರು. ಮಕ್ಕಳಿಲ್ಲದ ಹೆಂಗಸಿಗೆ ಪಾಲು ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಬದಿಯಡ್ಕ ಪೇಟೆಯಲ್ಲಿ ಒಂದು ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದಳು. ರಸ್ತೆ ಅಗಲ ಮಾಡುವಾಗ ಅಂಗಡಿಯೂ ಹೋಯಿತು, ಅದರ ಬೆನ್ನಿಗಿದ್ದ ಕೋಣೆಯೂ ಹೋಯಿತು. ಅಂಗಡಿಯವನಿಗೆ ಪರಿಹಾರ ಬಂತು. ಪುಷ್ಪಾವತಿ ಹದಿನಾಲ್ಕು ತಿಂಗಳಿಂದ ಮಹಿಳಾ ಸಮಾಜದ ಕಟ್ಟಡದ ಜಗಲಿಯಲ್ಲಿ ಮಲಗುತ್ತಿದ್ದಳು. ಹಗಲು ಅಡಿಕೆ ಗೋದಾಮಿನಲ್ಲಿ ಅಡಿಕೆ ಹೆಕ್ಕುವ ಕೆಲಸ, ಸ್ನಾನವೂ ಅಲ್ಲಿಯದೇ ಬಚ್ಚಲಿನಲ್ಲಿ, ಟ್ರಂಕು ಅಲ್ಲಿಯದೇ ಮೂಲೆಯಲ್ಲಿ.

ಸಂಬಂಧಿಕರಿಲ್ಲವೇ ಎಂದರೆ, ಧಾರಾಳ ಇದ್ದರು. ಕುಟುಂಬದ ವಾಟ್ಸಾಪ್ ಗುಂಪಿನಲ್ಲೇ ನೂರ ನಲವತ್ತು ಮಂದಿ. ಊಟಕ್ಕೆ ಯಾವಾಗ ಬೇಕಾದರೂ ಬನ್ನಿ ಎಂದು ಎಲ್ಲರೂ ಹೇಳುತ್ತಿದ್ದರು, ಊಟ ಮುಗಿದ ಮೇಲೆ ಬಸ್ಸಿನ ಸಮಯ ನೆನಪಿಸುತ್ತಿದ್ದರು. ಅವಳ ತಾಯಿಯ ಅಕ್ಕನ ಮಗ ಹೊನ್ನಯ್ಯ ಕುಟುಂಬದ ಯಜಮಾನ. ಅವರ ಮನೆಯಲ್ಲಿ ಸೊಸೆಯ ಬಾಣಂತನ. ಪುಷ್ಪಾವತಿಯ ತಂಗಿಯ ಮಗ ಧನರಾಜ್ ಕತಾರಿನಿಂದ ಬಂದು ಎರಡಂತಸ್ತಿನ ಮನೆ ಕಟ್ಟಿಸಿದ್ದ, ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟಾಗಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಒಳ್ಳೆಯ ಕಾರಣವಿತ್ತು. ಕಾರಣಗಳಿಗೇನೂ ಬರಗಾಲವಿಲ್ಲದ ಕುಟುಂಬ ಅದು.

ಪಟ್ಟಿಗಿಂತ ಮೊದಲು ವಿಜೇತಾ ಅವಳಿಗಾಗಿ ನೋಡಿದ್ದು ಕಾಸರಗೋಡಿನ ಕಡೆಯ ಒಂದು ಆಶ್ರಯ ಮಂದಿರವನ್ನು. ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಮನೆಯವರಿಂದ ಒಂದು ಕಾಗದ ತನ್ನಿ, ನಾಳೆಯೇ ಸೇರಿಸಿಕೊಳ್ಳುತ್ತೇವೆ ಎಂದರು ಅಲ್ಲಿಯವರು. ಪುಷ್ಪಾವತಿ ಕಾಗದ ಕೇಳಲು ಹೋದಾಗ ಹೊನ್ನಯ್ಯನವರ ಮುಖ ಕಪ್ಪಿಟ್ಟಿತು. ಕುಟುಂಬದ ಹಿರಿಯ ಹೆಣ್ಣು ಅನಾಥರ ಜೊತೆ ಸಾಲಿನಲ್ಲಿ ನಿಂತು ಗಂಜಿ ಕುಡಿಯುವುದೇ, ಊರಿನಲ್ಲಿ ತಾವು ತಲೆ ಎತ್ತಿ ನಡೆಯುವುದು ಬೇಡವೇ ಎಂದು ಕೇಳಿದರು. ಜಗಲಿಯಲ್ಲಿ ಮಲಗಿದರೆ ತಲೆ ತಗ್ಗುವುದಿಲ್ಲವೇ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಹಿರಿಯರೆದುರು ಹಾಗೆಲ್ಲ ಮಾತಾಡಿ ಅಭ್ಯಾಸವಿಲ್ಲ ಅವಳಿಗೆ.

ಹಾಗಾಗಿ ಉಳಿದದ್ದು ಪಟ್ಟಿಯ ಮನೆ. ಪಂಚಾಯತೇ ಜಾಗ ಹುಡುಕಿ, ಪಂಚಾಯತೇ ಕಟ್ಟಿಸಿಕೊಡುವ, ನಾನೂರು ಚದರಡಿಯ, ಒಂದು ಬಾಗಿಲಿನ ಮನೆ. ಪುಷ್ಪಾವತಿಗೆ ಅದರ ಕೋಣೆ ಎಷ್ಟು, ಕಿಟಕಿ ಎಷ್ಟು ಎಂಬ ಚಿಂತೆ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಬಾಗಿಲು. ಒಳಗಿನಿಂದ ಚಿಲಕ ಹಾಕಿಕೊಂಡು ಒಣಮೀನು ಹುರಿಯಬೇಕು, ವಾಸನೆ ಎಂದು ಯಾರೂ ಮೂಗು ಮುಚ್ಚಬಾರದು, ಹುರಿದದ್ದನ್ನು ಗಂಜಿಯ ಜೊತೆ ಕೂತು ನಿಧಾನಕ್ಕೆ ತಿನ್ನಬೇಕು. ಇದನ್ನು ಅವಳು ವಿಜೇತಾಳಿಗೆ ಹೇಳಿಯೂ ಇದ್ದಳು. ಹೇಳಿ, ಇಷ್ಟು ಸಣ್ಣದಕ್ಕೆ ಆಸೆಪಟ್ಟೆನಲ್ಲ ಎಂದು ನಾಚಿಕೊಂಡಿದ್ದಳು.

ಪಟ್ಟಿ ಹಾಕಿ ಮೂರು ವಾರಕ್ಕೆ ಪಂಚಾಯತಿನಿಂದ ಕರೆ ಬಂತು. ಮನೆ ಯೋಜನೆಯನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಎಲ್ಲರೂ ವಿ.ಇ.ಒ. ಎನ್ನುತ್ತಿದ್ದರು. ಪಯ್ಯನ್ನೂರಿನ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಅವರು ಕಂಪ್ಯೂಟರನ್ನು ವಿಜೇತಾಳ ಕಡೆಗೆ ತಿರುಗಿಸಿದರು. ಪುಷ್ಪಾವತಿಯ ಆಧಾರ್ ನಂಬರು ಹಾಕಿದ ಕೂಡಲೇ ಅಲ್ಲಿ ಒಂದು ಮನೆ ಬರುತ್ತಿತ್ತು. ಒಂದು ಸಾವಿರದ ಒಂಬೈನೂರು ಚದರಡಿ, ಕಾಂಕ್ರೀಟು ಛಾವಣಿ, ಟೈಲ್ಸ್ ನೆಲ, ಎರಡು ಬಚ್ಚಲು. ಹತ್ತು ಸೆಂಟ್ಸ್ ಜಾಗವೂ ಅವಳದ್ದೇ. ಮನೆಯಿಲ್ಲದವರ ಪಟ್ಟಿಯಲ್ಲಿ ಇಷ್ಟು ದೊಡ್ಡ ಮನೆ ಇರುವವರು ಬೇರೆ ಯಾರೂ ಇಲ್ಲ ಎಂದು ಅವರು ಮಲಯಾಳದಲ್ಲಿ ಹೇಳಿದ್ದನ್ನು ವಿಜೇತಾ ಅವಳಿಗೆ ಕನ್ನಡದಲ್ಲಿ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಅರ್ಥವಾಯಿತು.

"ಅದು ನನ್ನ ಮನೆ ಅಲ್ಲ ವಿಜೇತಾ, ಅದು ದೈವದ ಮನೆ" ಎಂದಳು ಪುಷ್ಪಾವತಿ.

ಆ ಮನೆಯ ಕಥೆ ಹೇಳಲೇಬೇಕು. ಆರು ವರ್ಷದ ಹಿಂದೆ ಕುಟುಂಬದಲ್ಲಿ ಒಂದರ ಹಿಂದೆ ಒಂದು ಕಷ್ಟ ಬಂತು. ಒಬ್ಬನಿಗೆ ಅಪಘಾತ, ಒಬ್ಬಳ ಮದುವೆ ಮುರಿಯಿತು, ಧನರಾಜನ ಕತಾರಿನ ವ್ಯವಹಾರ ಕುಸಿಯಿತು. ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಟ್ಟರು. ಕವಡೆ ಸರಿಸಿ ಜ್ಯೋತಿಷಿ ಹೇಳಿದ್ದು ಒಂದೇ ಮಾತು: ನಿಮ್ಮ ತರವಾಡು, ಅಂದರೆ ಕುಟುಂಬದ ಮೂಲಮನೆ ಬಿದ್ದು ಹೋಗಿ ನಲವತ್ತು ವರ್ಷವಾಯಿತು, ನಿಮ್ಮ ಧರ್ಮದೈವ ಬೀದಿಯಲ್ಲಿ ನಿಂತಿದೆ, ಅದಕ್ಕೆ ತಲೆ ಇಡಲು ಜಾಗವಿಲ್ಲ. ಕೇಳಿದವರ ಕಣ್ಣಲ್ಲಿ ನೀರು ಬಂತು. ಒಂದೂವರೆ ವರ್ಷದಲ್ಲಿ ಮನೆ ಎದ್ದಿತು. ದೈವಕ್ಕೆ ಚಾವಡಿ, ಚಾವಡಿಯಲ್ಲಿ ಹಲಸಿನ ಮರದ ಮಂಚ, ಮಂಚಕ್ಕೆ ಹಾಸಿಗೆ, ಬಿಳಿ ವಸ್ತ್ರ, ತಲೆದಿಂಬು. ಮನೆಯಿಲ್ಲದವರಿಗೆ ಮನೆ ಕಟ್ಟಿಸಿಕೊಡುವುದರಲ್ಲಿ ಆ ಕುಟುಂಬದಷ್ಟು ಚುರುಕು ಯಾವ ಪಂಚಾಯತಿಗೂ ಇಲ್ಲ. ಮನೆಯಿಲ್ಲದವರು ದೈವವಾಗಿರಬೇಕು, ಅಷ್ಟೆ.

ಜಾಗವನ್ನು ಯಾರ ಹೆಸರಿನಲ್ಲಿ ಮಾಡುವುದು ಎಂಬಲ್ಲಿ ತಕರಾರು ಬಂತು. ಧನರಾಜನ ಹೆಸರಿಗೆ ಅವನ ಅಣ್ಣಂದಿರು ಒಪ್ಪಲಿಲ್ಲ, ಅಣ್ಣಂದಿರ ಹೆಸರಿಗೆ ಧನರಾಜ್ ಒಪ್ಪಲಿಲ್ಲ. ಕೊನೆಗೆ ಹಿರಿಯ ಹೆಣ್ಣಿನ ಹೆಸರಿನಲ್ಲಿರಲಿ, ಅದೇ ಕಟ್ಟಳೆ ಎಂದರು ಹೊನ್ನಯ್ಯ. ಹೌದು, ಕಟ್ಟಳೆ ಅದೇ. ಆದರೆ ಎಲ್ಲರೂ ಅಷ್ಟು ಬೇಗ ತಲೆಯಾಡಿಸಿದ್ದು ಕಟ್ಟಳೆಗಲ್ಲ. ಪುಷ್ಪಾವತಿಗೆ ಮಕ್ಕಳಿಲ್ಲ. ನಾಳೆ ಬಂದು ಇದು ನಮ್ಮಮ್ಮನ ಮನೆ ಎನ್ನುವವರು ಯಾರೂ ಇರಲಾರರು.

ಅವಳಿಗೆ ಆ ಲೆಕ್ಕಾಚಾರ ಹೊಳೆಯಲಿಲ್ಲ. ಜೀವನದಲ್ಲಿ ಮೊದಲ ಸಲ ನೂರು ಜನ ಅವಳನ್ನು ಹಿರಿಯ ಹೆಣ್ಣು ಎಂದು ಕರೆದು ಮಣೆ ಹಾಕಿ ಕೂರಿಸಿದ್ದರು. ಪ್ರತಿಷ್ಠೆಯ ದಿನ ಹೊನ್ನಯ್ಯ ಅವಳ ಕೈಯಲ್ಲಿ ದೀಪ ಕೊಟ್ಟು, ಈ ಮನೆ ದೈವದ್ದು, ಇದರಲ್ಲಿ ನನಗೆ ಹಕ್ಕು ಬೇಡ ಎಂದು ಮಂಚದ ಎದುರು ಹೇಳಿಸಿದರು. ಅವಳು ಸಂತೋಷದಿಂದಲೇ ಹೇಳಿದಳು. ಗಂಧ ಕೊಡುವಾಗ ಅವರು, "ನೆನಪಿಟ್ಟುಕೋ ಪುಷ್ಪಾ. ದೈವದ ಎದುರು ಹೇಳಿದ್ದು ಸುಳ್ಳಾಗ್ಲಿಕ್ಕೆ ಇಲ್ಲ. ಸುಳ್ಳಾದ್ರೆ ಹೇಳಿದವರಿಗೆ ಮಾತ್ರ ಅಲ್ಲ, ಇಡೀ ಕುಟುಂಬಕ್ಕೇ ಕೇಡು" ಎಂದಿದ್ದರು. ಅಂದಿನಿಂದ ಪ್ರತಿ ಸಂಕ್ರಮಣಕ್ಕೆ ಅವಳು ಬಸ್ಸು ಹಿಡಿದು ಹೋಗಿ ಚಾವಡಿ ಗುಡಿಸಿ, ದೈವದ ಹಾಸಿಗೆ ಕೊಡವಿ ಹಾಸಿ, ದೀಪ ಹಚ್ಚಿ, ಹೊನ್ನಯ್ಯನವರ ಕೈಯಿಂದ ಗಂಧ ತೆಗೆದುಕೊಂಡು ಬರುತ್ತಿದ್ದಳು. ಬೀಗದಕೈ ಧನರಾಜನ ಹತ್ತಿರ. ಅವನು ತೆರೆದು ಕೊಟ್ಟು, ಕೆಲಸವಾದ ಮೇಲೆ ಬೀಗ ಹಾಕಿಕೊಂಡು ಹೋಗುತ್ತಿದ್ದ. ಕೋಣೆ ಹೋದ ಮೇಲೂ ಅವಳು ಒಂದು ಸಂಕ್ರಮಣ ತಪ್ಪಿಸಿದವಳಲ್ಲ.

ಒಂದು ರಾತ್ರಿ ಅಲ್ಲಿ ಮಲಗುತ್ತೇನೆ ಎಂದು ಅವಳು ಯಾಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ವಿಜೇತಾಳೂ ಕೇಳಿದಳು. ಪುಷ್ಪಾವತಿ ಅವಳನ್ನು ಏನೋ ಕೆಟ್ಟ ಮಾತು ಕೇಳಿಸಿಕೊಂಡವಳಂತೆ ನೋಡಿದಳು. ದೈವದ ಮನೆಯಲ್ಲಿ ಮನುಷ್ಯರು ಸಂಸಾರ ಹೂಡುವುದುಂಟೇ? ಉಳಿದವರು ಅವಳನ್ನು ಹೊರಗಿಟ್ಟದ್ದು ಸ್ವಾರ್ಥದಿಂದ. ಅವಳು ತನ್ನನ್ನು ಹೊರಗಿಟ್ಟುಕೊಂಡದ್ದು ಭಕ್ತಿಯಿಂದ. ಒಟ್ಟಿನಲ್ಲಿ ಹೊರಗೆ ಇದ್ದದ್ದು ಅವಳೇ.

ವಿಜೇತಾ ಬಿಡುವವಳಲ್ಲ. ಮೇಲ್ಮನವಿ ಬರೆದಳು, ಎರಡು ಸಲ ವಿ.ಇ.ಒ. ಎದುರು ಕೂತಳು. ಆ ಮನುಷ್ಯ ದಾರಿ ತೋರಿಸಿದರು. ಕಟ್ಟಡದಲ್ಲಿ ಯಾರೂ ವಾಸವಿಲ್ಲ, ಅದು ಆರಾಧನೆಯ ಸ್ಥಳ ಎಂದು ನಾನೇ ಬಂದು ನೋಡಿ ಬರೆಯುತ್ತೇನೆ, ಆಗ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ ಎಂದರು. ಬರುವ ಮಂಗಳವಾರ ಹತ್ತೂವರೆಗೆ ಬರುವುದೆಂದಾಯಿತು.

ಪುಷ್ಪಾವತಿ ಮಾಡಿದ ತಪ್ಪು ಒಂದೇ. ಬಾಗಿಲು ತೆರೆಯಲು ಧನರಾಜನಿಂದ ಬೀಗದಕೈ ಕೊಡಿಸಬೇಕಲ್ಲ ಎಂದು ಹೊನ್ನಯ್ಯನವರಿಗೆ ಫೋನು ಮಾಡಿ, ಯಾರು ಬರುತ್ತಾರೆ, ಯಾಕೆ ಬರುತ್ತಾರೆ, ಏನು ಬರೆಯುತ್ತಾರೆ ಎಂದು ಒಂದನ್ನೂ ಬಿಡದೆ ಹೇಳಿದಳು. ಹಿರಿಯರಿಂದ ಮುಚ್ಚಿಡುವುದು ಅವಳಿಗೆ ಗೊತ್ತಿರಲಿಲ್ಲ. ಅವರು ಎಲ್ಲ ಕೇಳಿ, ಆಗಲಿ ಎಂದು ಫೋನು ಇಟ್ಟರು.

ಮಂಗಳವಾರ ಬೆಳಿಗ್ಗೆ ಅವಳು ಬದಿಯಡ್ಕದಲ್ಲಿ ಒಂದು ಪೊಟ್ಟಣ ಒಣಮೀನು ಕೊಂಡು ಚೀಲದಲ್ಲಿಟ್ಟುಕೊಂಡಳು. ಕೆಲಸ ಆದರೆ ಸಂಜೆ ತನ್ನ ಮನೆಯ ಒಲೆಯಲ್ಲೇ ಹುರಿಯುವ ಎಂದು ವಿಜೇತಾ ಹೇಳಿದ್ದಳು. ಅಧಿಕಾರಿಯನ್ನು ಕರೆದುಕೊಂಡು ಬರಲು ವಿಜೇತಾ ಪಂಚಾಯತಿಗೆ ಹೋದಳು. ಗುಡಿಸಿ ಇಡೋಣವೆಂದು ಪುಷ್ಪಾವತಿ ಒಂದು ಗಂಟೆ ಮುಂಚೆಯೇ ಬಸ್ಸಿನಿಂದ ಇಳಿದು ಗುಡ್ಡದ ದಾರಿ ಹತ್ತಿದಳು.

ಅಂಗಳಕ್ಕೆ ಕಾಲಿಟ್ಟವಳಿಗೆ ದಾರಿ ತಪ್ಪಿ ಬೇರೆ ಯಾರದೋ ಮನೆಗೆ ಬಂದೆನೇ ಎನಿಸಿತು. ಎರಡು ಕಂಬಕ್ಕೆ ಹಗ್ಗ ಕಟ್ಟಿ ಎರಡು ಸೀರೆ, ಒಂದು ನೈಟಿ ಒಣಗಲು ಹಾಕಿದ್ದರು. ಮೆಟ್ಟಿಲ ಬಳಿ ಒಂದು ಜೊತೆ ಹೆಂಗಸರ ಚಪ್ಪಲಿ. ಅಡಿಗೆಕೋಣೆಯಲ್ಲಿ ಗ್ಯಾಸ್ ಒಲೆ, ಕುಕ್ಕರು, ಡಬ್ಬಗಳಲ್ಲಿ ಸಕ್ಕರೆ, ಚಹಾಪುಡಿ. ಗೋಡೆಗೆ ಕ್ಯಾಲೆಂಡರು. ಬಚ್ಚಲಿನಲ್ಲಿ ಒಂದು ಲೋಟದೊಳಗೆ ಹೊಸ ಹಲ್ಲುಜ್ಜುವ ಬ್ರಶ್ಶು ಕೂಡ ಇತ್ತು. ಹದಿನಾಲ್ಕು ತಿಂಗಳಲ್ಲಿ ಯಾರಿಂದಲೂ ಆಗದ ಕೆಲಸ ಒಂದು ಬೆಳಗಿನಲ್ಲಿ ಆಗಿತ್ತು. ಧನರಾಜ್ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಹೊನ್ನಯ್ಯ ಜಗಲಿಯಲ್ಲಿ ಕೂತು ವೀಳ್ಯ ಜಗಿಯುತ್ತಿದ್ದರು.

ಅವಳಿಗೆ ಚಹಾ ಕೊಟ್ಟು, ಕುರ್ಚಿ ಹಾಕಿ ಕೂರಿಸಿ ಧನರಾಜ್ ವಿಷಯ ತಿಳಿಸಿದ. ದೈವಸ್ಥಾನ ಎಂದು ಕಟ್ಟುವುದಾದರೆ ಕಲೆಕ್ಟರರ ಅನುಮತಿ ಬೇಕು, ವರ್ಷಗಟ್ಟಲೆ ಅಲೆಯಬೇಕು. ಅದಕ್ಕೆ ವಾಸದ ಮನೆ ಎಂದೇ ಅರ್ಜಿ ಹಾಕಿ, ಅಡಿಗೆಕೋಣೆ ಬಚ್ಚಲು ಎಲ್ಲ ತೋರಿಸಿ ಮನೆ ನಂಬರು ತೆಗೆದದ್ದು. ಈಗ ಇದು ಮನೆಯಲ್ಲ ಎಂದು ಅಧಿಕಾರಿ ಬರೆದರೆ ಎಲ್ಲವೂ ಮುಗಿಯಿತು.

"ನಂಬರ್ ಹೋಗ್ತದೆ ದೊಡ್ಡಮ್ಮ, ಕರೆಂಟ್ ಹೋಗ್ತದೆ, ಮತ್ತೆ ಕೋರ್ಟು. ಒಡಿಲಿಕ್ಕೂ ಹೇಳಬಹುದು" ಎಂದ ಅವನು. "ದೈವವನ್ನು ಪುನಃ ಬೀದಿಗೆ ಹಾಕ್ಲಿಕ್ಕೆ ಉಂಟಾ ನಿಮಗೆ? ನೀವು ಹೆಚ್ಚು ಎಂತದೂ ಹೇಳುವುದು ಬೇಡ. ನಾನು ಇಲ್ಲೇ ಇರುವುದು ಅಂತ ಒಂದು ಮಾತು ಹೇಳಿ, ಸಾಕು."

"ಹಾಗೆ ಹೇಳಿದ್ರೆ ನನ್ನ ಮನೆ ಹೋಗ್ತದಲ್ಲ ಧನು" ಎಂದಳು ಪುಷ್ಪಾವತಿ.

ನಿನ್ನನ್ನು ದೈವ ಕೈಬಿಡುವುದಿಲ್ಲ ಎಂದು ಹೊನ್ನಯ್ಯ ಜಗಲಿಯಿಂದಲೇ ಹೇಳಿದರು. ಆ ಮಾತು ಅವಳಿಗೆ ಹೊಸದಲ್ಲ. ಹದಿನಾಲ್ಕು ತಿಂಗಳಿಂದ ಪ್ರತಿ ಸಂಕ್ರಮಣಕ್ಕೂ ಗಂಧದ ಜೊತೆ ಅದನ್ನೇ ಕೊಡುತ್ತಿದ್ದರು.

ಅವಳು ಚಹಾ ಹಿಡಿದುಕೊಂಡೇ ಕೂತಳು. ಇಲ್ಲ ಎಂದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಆ ನೂರ ನಲವತ್ತು ಮಂದಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮಗು ಪರೀಕ್ಷೆಯಲ್ಲಿ ಬಿದ್ದರೂ ಪುಷ್ಪಾವತಿ ದೈವವನ್ನು ಬೀದಿಗೆ ಹಾಕಿದಳು ಎಂದೇ ಹೇಳುತ್ತಾರೆ. ಅವಳೂ ಅದನ್ನು ನಂಬುತ್ತಾಳೆ. ಅದೇ ಕಷ್ಟ. ಅವಳಿಗೆ ಸಿಟ್ಟು ಬಂತು. ಧನರಾಜನ ಮೇಲೆ ಬಂತು, ಹೊನ್ನಯ್ಯನವರ ಮೇಲೆ ಬಂತು, ಕೊನೆಗೆ ಬಿಳಿ ವಸ್ತ್ರ ಹಾಸಿದ ಆ ಮಂಚದ ಮೇಲೂ ಬಂತು. ದೈವದ ಮೇಲೆ ಸಿಟ್ಟು ಬಂದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ವಿ.ಇ.ಒ. ಮತ್ತು ವಿಜೇತಾ ಬಂದಾಗ ಹತ್ತೂ ಮುಕ್ಕಾಲು. ಹಗ್ಗದ ಮೇಲಿನ ಸೀರೆಗಳನ್ನು ನೋಡಿ ವಿಜೇತಾಳ ಮುಖ ಬಾಡಿತು. ಅಧಿಕಾರಿ ಅಂಗಳ ಸುತ್ತಿದರು. ಚಪ್ಪಲಿಯನ್ನು ಸ್ವಲ್ಪ ಹೊತ್ತು ನೋಡಿದರು, ಅದರ ಅಟ್ಟೆಗೆ ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಮೂವತ್ತು ವರ್ಷ ಸರಕಾರಿ ಕೆಲಸ ಮಾಡಿದ ಮನುಷ್ಯ, ಅವರಿಗೆ ಎಲ್ಲ ತಿಳಿಯಿತು. ಆದರೆ ಅವರು ಬರೆಯಬೇಕಾದದ್ದು ಕಂಡದ್ದನ್ನು ಮತ್ತು ಕೇಳಿದ್ದನ್ನು, ತಿಳಿದದ್ದನ್ನಲ್ಲ. ಅಮ್ಮ ಇಲ್ಲಿ ವಾಸ ಇದ್ದಾರೆಯೇ ಎಂದು ವಿಜೇತಾಳ ಮೂಲಕ ಕೇಳಿಸಿದರು.

ಪುಷ್ಪಾವತಿ ಎದ್ದು ನಿಂತಳು. ಇಲ್ಲಿ ಬೇಡ, ಒಳಗೆ ಬನ್ನಿ, ಚಾವಡಿಯಲ್ಲಿ ಹೇಳುತ್ತೇನೆ ಎಂದಳು. ಹೊನ್ನಯ್ಯ ತೃಪ್ತಿಯಿಂದ ತಲೆಯಾಡಿಸಿದರು. ಎಲ್ಲರೂ ಒಳಗೆ ಹೋದರು. ಅವಳು ಕೈಕಾಲು ತೊಳೆದು ಬಂದು, ದೀಪ ಹಚ್ಚಿ, ಮಂಚದ ಎದುರು ನಿಂತುಕೊಂಡಳು.

"ನಾನು ಇದೇ ಮನೆಯಲ್ಲಿ ಇರುವುದು" ಎಂದಳು.

ವಿಜೇತಾ ತಲೆ ತಗ್ಗಿಸಿದಳು. ಅಧಿಕಾರಿ ಮತ್ತೊಮ್ಮೆ ಕೇಳಿದರು, ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು. ಇಡೀ ಮನೆಯಲ್ಲಿದ್ದದ್ದು ಅದೊಂದೇ ಮಂಚ. ಅಮ್ಮ ಮಲಗುವುದು ಇದರಲ್ಲೇ ಎಂದು ಅವರು ಮಂಚದತ್ತ ಕೈ ತೋರಿಸಿದಾಗ ಹೊನ್ನಯ್ಯ ಎರಡು ಹೆಜ್ಜೆ ಮುಂದೆ ಬಂದರು.

"ಅದು ಮನೆಯ ದೊಡ್ಡವರದ್ದು" ಎಂದಳು ಪುಷ್ಪಾವತಿ. "ನಾನು ಕೆಳಗೆ, ಚಾಪೆಯಲ್ಲಿ."

ಅವರು ಬರೆದುಕೊಂಡರು. ಅವಳು ಕಾಗದದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದಳು. ಹೊರಡುವಾಗ ವಿಜೇತಾ ಅವಳ ಕೈ ಹಿಡಿದು, ಯಾಕೆ ಪುಷ್ಪಕ್ಕ ಎಂದಷ್ಟೇ ಕೇಳಿದಳು. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಆಯಾಸವಿತ್ತು. ನಾಲ್ಕನೆಯ ಹೆಸರು ಹೋದರೆ ಐದನೆಯದು ಮೇಲೆ ಬರುತ್ತದೆ, ಕಾಯುವವರಿಗೇನೂ ಕೊರತೆಯಿಲ್ಲ.

ಅಧಿಕಾರಿಯ ಜೀಪಿನ ಸದ್ದು ದೂರವಾದ ಕೂಡಲೇ ಧನರಾಜ್ ಉಸಿರು ಬಿಟ್ಟು, ಹಗ್ಗದ ಸೀರೆಗಳನ್ನು ಎಳೆದು ಹೆಗಲಿಗೆ ಹಾಕಿಕೊಂಡ. ಕುಕ್ಕರನ್ನೂ ಡಬ್ಬಗಳನ್ನೂ ಕಾರಿಗೆ ತುಂಬಿದ. ಬನ್ನಿ ದೊಡ್ಡಮ್ಮ, ಬಸ್ ಸ್ಟಾಂಡಿಗೆ ಬಿಡುತ್ತೇನೆ ಎನ್ನುತ್ತಾ ಬೀಗ ಕೈಗೆತ್ತಿಕೊಂಡ. ಪುಷ್ಪಾವತಿ ಚಾವಡಿಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಯನ್ನು ಬಿಡಿಸಿ, ಅದರ ಮೇಲೆ ಕೂತಿದ್ದಳು.

"ನಾನು ಎಲ್ಲಿಗೆ ಬರುವುದು?" ಎಂದು ಕೇಳಿದಳು. "ಇಲ್ಲೇ ಇರುವುದು ಅಂತ ಹೇಳಿ ಆಯ್ತಲ್ಲ. ಸುಳ್ಳು ಆಗ್ಲಿಕ್ಕೆ ಇಲ್ಲ ಅಂತ ನೀವೇ ಹೇಳಿದ್ದು ಹೊನ್ನಯ್ಯಣ್ಣ."

ಧನರಾಜ್ ನಗಲು ನೋಡಿದ, ನಗು ಬರಲಿಲ್ಲ. ಹೊನ್ನಯ್ಯ ಮಂಚದ ಕಡೆ ನೋಡಿದರು, ಉರಿಯುತ್ತಿದ್ದ ದೀಪದ ಕಡೆ ನೋಡಿದರು. ಅಧಿಕಾರಿಗೆ ಹೇಳಿದ ಮಾತು ಬೇರೆ, ಅದು ಲೆಕ್ಕಕ್ಕಿಲ್ಲ ಎಂದು ಧನರಾಜ್ ವಾದಿಸಿದ. ಹೊನ್ನಯ್ಯ ಅವನನ್ನು ಸುಮ್ಮನಿರಲು ಹೇಳಿದರು. ಮನುಷ್ಯ ಸ್ವಾರ್ಥಿಯಾಗಿರಬಹುದು, ಆದರೆ ದೈವಕ್ಕೆ ನಿಜವಾಗಿಯೂ ಹೆದರುತ್ತಿದ್ದರು.

"ಮನೆ ನಿನ್ನದು ಅಂತ ಹೇಳ್ತೀಯಾ ಈಗ?" ಎಂದು ಅವರು ಕೇಳಿದರು.

"ಇಲ್ಲ ಅಣ್ಣ. ಹಕ್ಕು ಬೇಡ ಅಂತ ಅವತ್ತು ಹೇಳಿದ್ದೇನೆ, ಅದೂ ಸುಳ್ಳಾಗುವುದು ಬೇಡ. ನಾನು ಇರ್ತೇನೆ, ಅಷ್ಟೇ."

ಕೊನೆಗೆ ಹೊನ್ನಯ್ಯ ಎದ್ದು, ದೈವದ ಸತ್ಯಕ್ಕೆ ಬಿಟ್ಟದ್ದು ಎಂದು ಮಂಚಕ್ಕೆ ಕೈಮುಗಿದು ಹೊರಟರು. ಧನರಾಜ್ ಗ್ಯಾಸ್ ಸಿಲಿಂಡರನ್ನು ಬಿಚ್ಚಿದ, ಒಲೆಯನ್ನೂ ಎತ್ತಿಕೊಂಡ. ದೈವದ ಮನೆಯಲ್ಲಿ ಮೀನು ಮಾಂಸ ಬೇಯಿಸಕೂಡದು, ಪ್ರತಿಷ್ಠೆಯ ದಿನ ತಂತ್ರಿಗಳು ಹೇಳಿದ್ದು ನೆನಪಿರಲಿ, ಹೊರಗಿನವರನ್ನು ಒಳಗೆ ಸೇರಿಸಬಾರದು, ಕರೆಂಟು ಸುಮ್ಮನೆ ಉರಿಸಬಾರದು ಎಂದು ಬಾಗಿಲಲ್ಲಿ ನಿಂತು ಒಂದೊಂದಾಗಿ ಹೇಳಿದ. ಬೀಗದಕೈಯನ್ನು ಮಾತ್ರ ಕಿಸೆಗೆ ಹಾಕಿಕೊಂಡ. ಚಪ್ಪಲಿ ಮರೆತು ಹೋದನೋ, ಬಿಟ್ಟು ಹೋದನೋ, ಅದು ಮೆಟ್ಟಿಲ ಬಳಿ ಹಾಗೆಯೇ ಇತ್ತು. ಅವಳ ಕಾಲಿಗೆ ಒಂದು ಅಳತೆ ಸಣ್ಣದು.

ಮರುವಾರ ಪಂಚಾಯತಿನಲ್ಲಿ ಹೊಸ ಪಟ್ಟಿ ಅಂಟಿಸಿದರು. ಪುಷ್ಪಾವತಿಯ ಹೆಸರಿನ ಮುಂದೆ, ಸ್ವಂತ ಮನೆ ಇದೆ, ಅದರಲ್ಲೇ ವಾಸ ಎಂದು ಬರೆದಿತ್ತು. ವಿಜೇತಾ ಅದನ್ನು ಫೋನಿನಲ್ಲಿ ಓದಿ ಹೇಳಿದಳು. ಸರಕಾರ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ ಎಂದಳು ಪುಷ್ಪಾವತಿ.

ಆದರೆ ಆ ಮಂಗಳವಾರ, ಕಾರು ಹೋದ ಮೇಲೆ, ಅವಳಿಗೆ ಮೊದಲು ನೆನಪಾದದ್ದು ಚೀಲದಲ್ಲಿದ್ದ ಪೊಟ್ಟಣ. ವಾಸನೆ ಚಾವಡಿಯವರೆಗೆ ಬಂದಿತ್ತು. ಅವಳು ಅದನ್ನು ಎತ್ತಿಕೊಂಡು ಅಂಗಳ ದಾಟಿ ಕಾಂಪೌಂಡು ಗೋಡೆಯವರೆಗೆ ಹೋದಳು, ಒಂದು ಸಲ ಮೂಗಿನ ಹತ್ತಿರ ಹಿಡಿದಳು, ಆಮೇಲೆ ಗೋಡೆಯಾಚೆಗೆ ಎಸೆದಳು. ಬಾವಿಕಟ್ಟೆಯಲ್ಲಿ ಕೈಯನ್ನು ಎರಡೆರಡು ಸಲ ತಿಕ್ಕಿ ತೊಳೆದಳು. ಒಳಗೆ ಬಂದು ಬಾಗಿಲು ಹಾಕಿ ಚಿಲಕಕ್ಕೆ ಕೈ ಹಾಕಿದಳು. ಒಳಗಿನ ಕಡೆ ಚಿಲಕವೇ ಇರಲಿಲ್ಲ. ಒಳಗೆ ಮನುಷ್ಯರು ಇರುತ್ತಾರೆ ಎಂದು ಆ ಮನೆ ಕಟ್ಟಿಸಿದವರಿಗೆ ಯಾರಿಗೂ ಅನಿಸಿರಲಿಲ್ಲ.